ಲಿಂಬೆ ಲಾರಿಯಲ್ಲಿ ಒಂದು ಮನೆ

ಜಬಲಪುರವನ್ನು ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಹೀಗಾಗಿ ಅದರ ಬಗ್ಗೆ ಕನಸು ಕಾಣಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ನಮ್ಮೂರಾದ ಇಂಡಿಯ ಖಾಸಗಿ ಶಾಲೆಯೊಂದರಲ್ಲಿ ಹದಿನಾಲ್ಕು ವರ್ಷ ಗಣಿತ ಕಲಿಸಿ, ಮೊಣಕಾಲು ನೋವು ಮತ್ತು ಒಳ್ಳೆಯ ಹೆಸರು ಎರಡನ್ನೂ ಸಂಪಾದಿಸಿದ ಮೇಲೆ, ನನ್ನ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಕೇಂದ್ರ ಸರಕಾರದ ಶಾಲೆಯಲ್ಲಿ ಕೆಲಸ ಸಿಕ್ಕಿತು. ಆದೇಶದಲ್ಲಿ ಊರಿನ ಹೆಸರು ಜಬಲಪುರ ಎಂದಿತ್ತು. ಜೂನ್ ತಿಂಗಳಲ್ಲಿ ಶಾಲೆ ಶುರುವಾಗುವುದರೊಳಗೆ ಹಾಜರಾಗಬೇಕು. ಓಣಿಯವರು ಪೇಢೆ ತಿಂದು ಕೈ ಒರೆಸಿಕೊಂಡು, "ಭಾಳ ದೂರ ಆತಲ್ಲವಾ ಸುನಂದಾ" ಎಂದು ಮೂಗು ಮುರಿದರು. ದೂರವೆಂದರೆ ಎಷ್ಟು ದೂರ ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಶಾಲೆಯ ಗೋಡೆಯ ನಕಾಶೆಯಲ್ಲಿ ಬೆರಳಿಟ್ಟು ಅಳೆದು ನೋಡಿದೆ. ಅರ್ಧ ಗೇಣೂ ಇರಲಿಲ್ಲ. ಅಷ್ಟು ನೋಡಿದ ಮೇಲೆ ನನಗೆ ಧೈರ್ಯ ಬಂತು.

ನಮ್ಮ ಮನೆಯಲ್ಲಿ ಮೂವರು: ನಾನು, ನಮ್ಮವರು, ನಮ್ಮವರ ತಾಯಿ ಲಕ್ಕವ್ವ. ಮಕ್ಕಳಿಲ್ಲ. ಅದನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಈ ಕತೆಗೂ ಅದಕ್ಕೂ ಸಂಬಂಧವಿಲ್ಲ, ಆದರೆ ಜನ ಕೇಳದೆ ಬಿಡುವುದಿಲ್ಲ. ನಮ್ಮವರ ಹೆಸರು ಸಂಜೀವಕುಮಾರ. ಸಿಂದಗಿ ರಸ್ತೆಯಲ್ಲಿ ಅವರದೊಂದು ಮೋಟರ್ ರಿವೈಂಡಿಂಗ್ ಅಂಗಡಿ; ಜೊತೆಗೆ ಕೆಲಸ ಮಾಡಲು ಮಲ್ಲಣ್ಣ ಎಂಬವರಿದ್ದಾರೆ. ಬೋರ್‌ವೆಲ್ಲಿನ ಮೋಟರ್ ಸುಟ್ಟರೆ ಸುತ್ತಲಿನ ಹಳ್ಳಿಯವರು ಅದನ್ನು ಟಂಟಂ ಗಾಡಿಯಲ್ಲಿ ಹಾಕಿಕೊಂಡು ಇವರ ಹತ್ತಿರ ಬರುತ್ತಾರೆ. ಇವರು ಸುಟ್ಟ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತಾರೆ. ಮಾತು ಕಡಿಮೆ. ಸುತ್ತು ಎಣಿಸುವಾಗ ಮಾತಾಡಿದರೆ ಲೆಕ್ಕ ತಪ್ಪುತ್ತದೆ ಎನ್ನುವುದು ಅವರ ನೆಪ. ಎಣಿಸದೆ ಇರುವಾಗಲೂ ಮಾತಾಡುವುದಿಲ್ಲ ಎನ್ನುವುದು ನನ್ನ ತಕರಾರು.

ನನ್ನ ಕೆಲಸದ ಸುದ್ದಿ ಕೇಳಿ ಅವರು ಬಾಯಿ ತುಂಬ ನಕ್ಕರು, ಅಂಗಡಿಗೆ ಬಂದವರಿಗೆಲ್ಲ ಪೇಢೆ ಹಂಚಿದರು. 'ನೀವೂ ಬರ್ತೀರಿಲ್ಲ?' ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವರೇ ಹೇಳಲಿ ಎಂದು ಕಾದೆ. ಅವರು ಹೇಳಿದ್ದು ಇಷ್ಟು:

"ನಿನ್ನ ಅಲ್ಲಿಗೆ ಮುಟ್ಟಸ್ತೇನಿ. ಮುಂದಿಂದು ಮುಂದ ನೋಡೂಣಂತ."

ಮುಟ್ಟಿಸುವುದು ಬೇರೆ, ಬರುವುದು ಬೇರೆ. ಪಾರ್ಸೆಲ್ಲನ್ನೂ ಮುಟ್ಟಿಸುತ್ತಾರೆ.

ಮೇ ತಿಂಗಳ ಮಧ್ಯಾಹ್ನಗಳಲ್ಲಿ ನಾನು ಬಜೆಟ್ ಹಾಕಿದೆ. ಊಟವಾದ ಮೇಲೆ ಬಾಗಿಲು ಮುಂದೆ ಮಾಡಿ, ಪಡಸಾಲೆಯ ನೆಲಕ್ಕೆ ನೀರು ಚಿಮುಕಿಸಿ, ಫ್ಯಾನಿನ ಕೆಳಗೆ ಮೂವರೂ ಅಡ್ಡಾಗುತ್ತಿದ್ದೆವು. ನನ್ನ ಮುಂದೆ ಹಳೆಯ ಕ್ಯಾಲೆಂಡರಿನ ಹಾಳೆ. ಅದರ ಹಿಂಬದಿಯಲ್ಲಿ ಎರಡು ಕಾಲಂ ಎಳೆದಿದ್ದೆ. ಒಂದರ ತಲೆಗೆ 'ಮೂವರು', ಇನ್ನೊಂದರ ತಲೆಗೆ 'ಒಬ್ಬಳೇ'. ಒಬ್ಬಳೇ ಹೋದರೆ ಮಹಿಳೆಯರ ಹಾಸ್ಟೆಲ್ಲು, ಎರಡು ಸೂಟ್‌ಕೇಸು, ಮುಗಿಯಿತು. ಮೂವರೂ ಹೋದರೆ ಮನೆ ಬಾಡಿಗೆ, ಮುಂಗಡ, ಗ್ಯಾಸು, ಇಲ್ಲಿಯ ಹಾಸಿಗೆ ಪಾತ್ರೆಗಳನ್ನೆಲ್ಲ ಅಲ್ಲಿಗೆ ಸಾಗಿಸುವ ಖರ್ಚು. ಮೊದಲ ಪಗಾರ ಕೈಗೆ ಬರಲು ಎರಡು ತಿಂಗಳಾದರೂ ಬೇಕು ಎಂದು ಗೊತ್ತಿದ್ದವರು ಹೇಳಿದ್ದರು. ಅಲ್ಲಿಯವರೆಗೆ ನಾನು ಕೂಡಿಟ್ಟ ಒಂದು ಲಕ್ಷದ ಮೇಲೆ ಚೂರುಪಾರಿನಲ್ಲಿ ಎಲ್ಲ ನಡೆಯಬೇಕು. ಗಣಿತದ ಶಿಕ್ಷಕಿಗೆ ಇದೇನು ದೊಡ್ಡ ಲೆಕ್ಕವಲ್ಲ.

ಆದರೆ ಬಜೆಟ್ ಬರೀ ಲೆಕ್ಕವಲ್ಲ ಎಂದು ನನಗೆ ಆಗ ಗೊತ್ತಾಯಿತು. 'ಹಾಲು' ಎಂದು ಬರೆಯುವಷ್ಟರಲ್ಲಿ ಪೆನ್ನು ನಿಲ್ಲುತ್ತಿತ್ತು. ಅಲ್ಲಿ ಹಾಲು ತರುವವನು ಸೈಕಲ್ಲಿನ ಮೇಲೆ ಬರುತ್ತಾನೋ, ಗಾಡಿಯ ಮೇಲೋ? ಗಂಟೆ ಬಾರಿಸುತ್ತಾನೋ, ಕೂಗುತ್ತಾನೋ? ಕೂಗಿದರೆ ಏನೆಂದು ಕೂಗುತ್ತಾನೆ? ನೋಡನೋಡುತ್ತ ಅವನಿಗೆ ಮೀಸೆ ಬರುತ್ತಿತ್ತು, ಕೊರಳಿಗೊಂದು ಕೆಂಪು ಟವೆಲ್ಲು ಬರುತ್ತಿತ್ತು. ಅವನ ಹಿಂದೆ ಇಳಿಜಾರಿನ ರಸ್ತೆ, ರಸ್ತೆಯ ಎರಡೂ ಕಡೆ ದೊಡ್ಡ ಮರಗಳು, ಮರಗಳ ಆಚೆ ನರ್ಮದೆ. ನೀರಿನ ಮೇಲಿಂದ ತಂಪಾದ ಗಾಳಿ ಬಂದು ನನ್ನ ಸೆರಗನ್ನು ಎಳೆಯುತ್ತಿತ್ತು. ಕಣ್ಣು ಬಿಟ್ಟರೆ ನಮ್ಮದೇ ಫ್ಯಾನು, ಲಕ್ಕವ್ವನ ಗೊರಕೆ. ಹಾಲಿನ ಮುಂದೆ ಎಷ್ಟು ರೂಪಾಯಿ ಎಂದು ಬರೆದೇ ಇರುತ್ತಿರಲಿಲ್ಲ.

ಮೊಬೈಲಿನಲ್ಲಿ ಹುಡುಕಿದರೆ ಆ ಊರು ಕಾಣಿಸುತ್ತಿತ್ತು, ನಿಜ. ಜಲಪಾತ, ಬಿಳಿಕಲ್ಲಿನ ಕಣಿವೆ, ಕಣಿವೆಯಲ್ಲಿ ದೋಣಿ. ಆದರೆ ಊರಿನ ಫೋಟೋ ಹಾಕುವವರು ಯಾರೂ ಓಣಿಯ ನಲ್ಲಿಯ ಫೋಟೋ ಹಾಕುವುದಿಲ್ಲ. ನಮಗೆ ಬೇಕಾಗಿದ್ದದ್ದು ನಲ್ಲಿ.

ಲಕ್ಕವ್ವನ ಜಬಲಪುರವೇ ಬೇರೆ. ಬಾಗೇವಾಡಿ ತಾಲೂಕಿನ ಹೂವಿನ ಹಿಪ್ಪರಗಿಯಲ್ಲಿ ಹುಟ್ಟಿ ಇಂಡಿಗೆ ಸೊಸೆಯಾಗಿ ಬಂದವರು. ಅವರು ಕಂಡ ದೂರದ ಊರೆಂದರೆ ಶ್ರೀಶೈಲ. ಹೊರಡಲು ನನಗಿಂತ ಅವರಿಗೇ ಅವಸರ. ಮಲಗಿದಲ್ಲಿಯೇ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು.

"ಅಲ್ಲಿ ಮನಿ ಮುಂದ ಬೇವಿನ ಗಿಡ ಐತಿ. ಬುಡಕ್ಕ ಕಟ್ಟಿ ಐತಿ. ಹೆಣ್ಣಮಕ್ಕಳು ನಾಕ ಮಂದಿ ಕುಂತಾರ. ನಾ ಹೋದ ಕೂಡ್ಲೆ ಸರದ ಜಾಗಾ ಕೊಡ್ತಾರ."

"ಅವರು ಹಿಂದಿ ಮಾತಾಡ್ತಾರ ಅತ್ತಿ," ಎಂದೆ.

"ಮಾತಾಡ್ಲೇಳು. ನಾ ಹೂಂ ಅಂತೇನಿ. ಹೂಂ ಅನ್ನೂದು ಎಲ್ಲಾ ಕಡೆ ಒಂದ."

ಒಮ್ಮೆ ನಮ್ಮವರಿಗೂ ಕೇಳಿದೆ. ಅವರು ಅಂಗಾತ ಮಲಗಿ ಫ್ಯಾನನ್ನೇ ನೋಡುತ್ತಿದ್ದರು.

"ನಿಮ್ಮ ಜಬಲಪುರದಾಗ ಏನ್ ಐತ್ರಿ?"

"ನನಗಿನ್ನೂ ಸರಿಯಾಗಿ ಏನೂ ಕಂಡಿಲ್ಲ," ಎಂದರು.

ಎದ್ದು, ಮೊಳೆಗೆ ನೇತುಹಾಕಿದ್ದ ಅಂಗಡಿಯ ಕೀಲಿ ತೆಗೆದುಕೊಂಡು ಹೊರಟೇಬಿಟ್ಟರು. ಬೇಸಿಗೆ ಮೋಟರ್ ಸುಡುವ ಕಾಲ. ಅಂಗಡಿಯ ಮುಂದೆ ಮೋಟರುಗಳು ಸಾಲು ಹಚ್ಚಿ ನಿಂತಿರುತ್ತಿದ್ದವು. ಅವರು ಹೋದ ಮೇಲೆ ನಾನು ಲಕ್ಕವ್ವನಿಗೆ ಕೇಳಿದೆ, "ಅತ್ತಿ, ನಿಮ್ಮ ಮಗ ನಮ್ಮನ್ನ ಬಿಟ್ಟು ತಿರುಗಿ ಬಂದ್ರ ನೀವು ಏನ್ ಮಾಡ್ತೀರಿ?"

"ನಾ ನಿನ್ನ ಕೂಡ ಇರಾಕಿ. ಅಂವನ ಕೂಡ ಒಬ್ಬಾಕೀನ ಇದ್ರ ನನಗ ಮಾತಾಡೂದ ಮರತ ಹೋಗತೈತಿ."

ನಕ್ಕೆ. ಆದರೆ ಹಾಳೆಯ ಮೇಲೆ 'ಇವರ ಅಂಗಡಿ ಸಾಮಾನು' ಎಂದು ಬರೆದಿದ್ದ ಸಾಲಿನ ಮುಂದೆ ಜಾಗ ಖಾಲಿಯೇ ಇತ್ತು. ಕೇಳಿದರೆ ಬರುತ್ತಿದ್ದರು. ಅದೇ ನನ್ನ ತೊಂದರೆ. ಹೆಂಡತಿ ಕೇಳಿದಳೆಂದು ಬಂದ ಮನುಷ್ಯ ಅಲ್ಲಿ ಕೆಲಸವಿಲ್ಲದೆ ಕುಳಿತು, ನಾನು ಶಾಲೆಯಿಂದ ಬರುವ ದಾರಿ ನೋಡುತ್ತ ಸೊರಗುವುದು ನನಗೆ ಬೇಡವಾಗಿತ್ತು. ಬಂದರೆ ತಾವಾಗಿ ಬರಬೇಕು. ಬರದಿದ್ದರೆ? ಅದನ್ನು ನೆನೆಸಿಕೊಂಡಾಗ ಮಾತ್ರ ನನ್ನ ನದಿ, ಮರ, ಹಾಲಿನವನು ಎಲ್ಲವೂ ಮಸುಕಾಗುತ್ತಿದ್ದವು. ಅವರಿಲ್ಲದ ಮನೆಯಲ್ಲಿ ನನಗೆ ನಿದ್ದೆ ಹತ್ತುವುದಿಲ್ಲ. ಇದನ್ನು ಪ್ರೀತಿ ಎಂದು ಯಾರಾದರೂ ಕರೆದರೆ ಇಲ್ಲವೆನ್ನುವುದಿಲ್ಲ.

ಮನೆ ಸಾಮಾನು ಸಾಗಿಸುವ ಕಂಪನಿಯೊಂದಕ್ಕೆ ಫೋನ್ ಮಾಡಿದೆ. ಅತ್ತ ಕಡೆಯ ಹುಡುಗಿ ಬಲು ನಯವಾಗಿ ಮಂಚವೆಷ್ಟು, ಕಪಾಟೆಷ್ಟು ಎಂದೆಲ್ಲ ಕೇಳಿ, ಅಷ್ಟೇ ನಯವಾಗಿ ಅರವತ್ತೆಂಟು ಸಾವಿರ ಎಂದಳು. ಫೋನಿಟ್ಟೆ. 'ಮೂವರು' ಎಂಬ ಕಾಲಂ ಅಲ್ಲಿಗೇ ಮುಳುಗಿತು.

ಅದನ್ನು ಮೇಲೆತ್ತಿದವರು ಅಮೀನುದ್ದೀನ. ಅವರು ಲಿಂಬೆಯ ವ್ಯಾಪಾರಿ. ಇಂಡಿಯ ಮಾರುಕಟ್ಟೆಯಲ್ಲಿ ಲಿಂಬೆ ಹಿಡಿದು ದೂರದೂರದ ಊರುಗಳಿಗೆ ಲಾರಿ ಕಳಿಸುತ್ತಾರೆ. ತೋಟದ ಮೋಟರ್ ಸುಟ್ಟಾಗಲೆಲ್ಲ ನಮ್ಮವರ ಅಂಗಡಿಯಲ್ಲಿ ಕುಳಿತು ಚಹಾ ಕುಡಿದು ಕುಡಿದು ಗೆಳೆಯರಾದವರು. ಒಂದು ಸಂಜೆ ಮನೆಗೆ ಬಂದು ಹೊಸ್ತಿಲಲ್ಲಿ ನಿಂತೇ ಹೇಳಿದರು:

"ವೈನಿ, ನನ್ನ ಲಾರಿ ಜಬಲಪುರಕ್ಕ ಹೋಗತೈತಿ. ಬ್ಯಾಸಗ್ಯಾಗ ಆ ಕಡಿ ಮಂದಿಗೆ ನಮ್ಮ ಲಿಂಬಿ ಬೇಕ. ಇಪ್ಪತ್ತ ಚೀಲದ ಜಾಗಾ ನಿಮಗ ಬಿಡ್ತೇನಿ. ಡೀಸೆಲ್ಲಿಗೆ ಅಂತ ಎಂಟು ಸಾವಿರ ಕೊಡ್ರಿ, ಸಾಕು. ಖರೆ, ಒಂದು ಕರಾರು ಐತಿ."

"ಏನ್ ಕರಾರು ಹೇಳ್ರಿ."

"ಪೆಟ್ಟಿಗಿ, ಕಪಾಟು, ಮಂಚ ಬ್ಯಾಡ. ಮೂಲಿ ಬಡದ ಲಿಂಬಿ ಒಡೀತಾವ. ಮನಿ ಪೂರಾ ಚೀಲದಾಗ ಬರಬೇಕು."

ಮನೆ ಪೂರಾ ಚೀಲದಲ್ಲಿ. ಆ ಮಾತು ತಲೆಯಲ್ಲಿ ಹೊ‌ಕ್ಕು ಕುಳಿತುಬಿಟ್ಟಿತು. ಅಂದಿನಿಂದ ಮಧ್ಯಾಹ್ನದ ಮಂಪರಿನಲ್ಲಿ ನಾನು ಎಲ್ಲವನ್ನೂ ಮಡಚತೊಡಗಿದೆ. ಪಡಸಾಲೆಯ ಗೋಡೆ ಚಾದರದ ಹಾಗೆ ಮಡಚಿಕೊಳ್ಳುತ್ತಿತ್ತು. ಅಂಗಳದ ತುಳಸಿಕಟ್ಟೆ ಮೆತ್ತಗಾಗಿ ಚೀಲದೊಳಗೆ ಇಳಿಯುತ್ತಿತ್ತು. ಓಣಿಯ ತುದಿಯ ಹಿಟ್ಟಿನ ಗಿರಣಿಯ ಸದ್ದನ್ನೂ ಒಂದು ಮೂಲೆಯಲ್ಲಿ ತುರುಕುತ್ತಿದ್ದೆ. ಆಮೇಲೆ ನಾನೇ ಚೀಲ ಹೊತ್ತುಕೊಂಡು ಹಗುರವಾಗಿ ನಡೆದು ಹೋಗುತ್ತಿದ್ದೆ, ದಾರಿಯುದ್ದಕ್ಕೂ ಲಿಂಬೆಯ ವಾಸನೆ.

ಎಚ್ಚರದಲ್ಲಿ ಕೆಲಸ ಅಷ್ಟು ಹಗುರವಿರಲಿಲ್ಲ. ಮಂಚ, ಕಪಾಟು, ಫ್ರಿಜ್ಜು ಮಾರಿದೆವು. ಪಾತ್ರೆಗಳಿಗೆ ಹಳೆಯ ಸೀರೆ ಸುತ್ತಿ ಚೀಲಕ್ಕೆ ಹಾಕಿದೆ. ರೂಪಾಯಿಯ ಬಜೆಟ್ ಹಿಂದೆ ಬಿತ್ತು, ಈಗ ಇಪ್ಪತ್ತು ಚೀಲವೇ ನನ್ನ ಬಜೆಟ್. ಅಮೀನುದ್ದೀನರ ಲಿಂಬೆಯ ಚೀಲಗಳ ಬಾಯಿಗೆ ಹಸಿರು ಬಣ್ಣದ ಗುರುತು ಇರುತ್ತದೆ. ನಮ್ಮವು ಬೇರೆ ಎಂದು ಗೊತ್ತಾಗಲು ಪ್ರತಿಯೊಂದಕ್ಕೂ ಕೆಂಪು ದಾರ ಕಟ್ಟಿದೆ. ಮುದ್ದೇಬಿಹಾಳದಿಂದ ನನ್ನ ಅತ್ತಿಗೆ ವಿಜಯಲಕ್ಷ್ಮಿ ಬಂದು ಉಡಿ ತುಂಬಿದಳು. ಸಿಂದಗಿಯಿಂದ ನಾದಿನಿ ಬಂದಳು, ಬಾಗೇವಾಡಿಯಿಂದ ಲಕ್ಕವ್ವನ ತಂಗಿ. ದೂರ ಹೋಗುವ ಹೆಣ್ಣುಮಗಳ ಮಡಿಲಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಬಟ್ಟೆ ಹಾಕುವಾಗ ಸಾಕು ಎನ್ನುವ ಹಾಗಿಲ್ಲ. ಒಬ್ಬೊಬ್ಬರು ಉಡಿ ತುಂಬಿದಾಗಲೂ ನನ್ನ ಕಣ್ಣು ತುಂಬುತ್ತಿತ್ತು, ಜೊತೆಗೆ ಒಂದು ಚೀಲವೂ ತುಂಬುತ್ತಿತ್ತು.

ಕೊನೆಗೆ ಎರಡು ಚೀಲ ಉಳಿದವು. ಒಂದಕ್ಕೆ ನನ್ನ ಪುಸ್ತಕಗಳನ್ನು ಹಾಕಿದೆ. ಇನ್ನೊಂದನ್ನು ಮಡಚಿ, ಅಂಗಡಿಯ ಕೀಲಿ ನೇತುಹಾಕುವ ಮೊಳೆಗೆ ಸಿಕ್ಕಿಸಿದೆ. ಕೀಲಿ ತೆಗೆಯುವಾಗಲೆಲ್ಲ ಅವರ ಕೈಗೆ ತಾಗಲಿ ಎಂದು. ಬಾಯಿಬಿಟ್ಟು ಏನೂ ಹೇಳಲಿಲ್ಲ. ಅವರು ದಿನವೂ ಅದನ್ನು ಸರಿಸಿ ಕೀಲಿ ತೆಗೆದುಕೊಂಡು ಹೋಗುತ್ತಿದ್ದರು.

ಇತ್ತ ಲಕ್ಕವ್ವ ಬುತ್ತಿಯ ಹಟ ಹಿಡಿದರು. ನಮ್ಮ ಕಡೆ ಹೊಸ ಊರಿಗೆ ಹೋಗುವವರು ರೊಟ್ಟಿ ಚಟ್ನಿಯ ಬುತ್ತಿ ಕಟ್ಟಿಕೊಂಡು ಹೋಗಿ, ಅಲ್ಲಿಯ ಓಣಿಯ ಮನೆಮನೆಗೂ ಹಂಚುತ್ತಾರೆ. ಆಮೇಲೆಯೇ ಆ ಓಣಿಯವರಾದ ಲೆಕ್ಕ.

"ಬುತ್ತಿ ಇಲ್ಲದ ಹೋದ್ರ ಕಟ್ಟಿ ಮ್ಯಾಲ ಯಾರ ನನಗ ಜಾಗಾ ಕೊಡ್ತಾರ?" ಎಂದು ಲಕ್ಕವ್ವ ಕೇಳಿದರು.

"ಚೀಲದ ಜಾಗಾ ಮುಗಿದೈತಿ ಅತ್ತಿ. ಒಂದೂ ಇಲ್ಲ."

"ಅಲ್ಲಿ ಜೋತ ಬಿದ್ದೈತಲ್ಲ, ಅದೇನ?"

"ಅದು ಬ್ಯಾರೆ," ಎಂದೆ ಬಿರುಸಾಗಿ. ಅವರು ಮುಖ ಊದಿಸಿಕೊಂಡು ಒಳಗೆ ಹೋದರು. ಆದರೂ ರೊಟ್ಟಿ ಬಡಿಯುವುದನ್ನು ಬಿಡಲಿಲ್ಲ. ದಿನವೂ ಒಂದಿಷ್ಟು ಖಡಕ್ ರೊಟ್ಟಿ ಬಡಿದು, ಒಣಗಿಸಿ, ಬುಟ್ಟಿಯಲ್ಲಿ ಪೇರಿಸುತ್ತ ಹೋದರು. ಮನೆ ಖಾಲಿಯಾಗುತ್ತಿತ್ತು, ರೊಟ್ಟಿಯ ಗುಡ್ಡ ಏರುತ್ತಿತ್ತು.

ಒಂದು ಬೆಳಿಗ್ಗೆ ನಮ್ಮವರು ಆ ಚೀಲವನ್ನು ಮೊಳೆಯಿಂದ ತೆಗೆದರು. ನಾನು ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡಿದೆ. ಬಿಡಿಸಿ ನೆಲದ ಮೇಲೆ ಹಾಸಿದರು, ಗೇಣು ಹಾಕಿ ಉದ್ದಗಲ ಅಳೆದರು, ಏನೋ ಲೆಕ್ಕ ಹಾಕಿದರು. ತಂತಿ ಸುತ್ತುವ ಮಷಿನ್ನು ಹಿಡಿಯುತ್ತದೆಯೇ ಎಂದು ಅಳೆಯುತ್ತಿದ್ದಾರೆ ಎಂದುಕೊಂಡೆ. ಅವರು ಅದನ್ನು ಮತ್ತೆ ಮಡಚಿ ಮೊಳೆಗೇ ಸಿಕ್ಕಿಸಿ ಹೋದರು. ಆ ದಿನವಿಡೀ ನನ್ನ ಜಬಲಪುರ ಎಷ್ಟು ಚೆನ್ನಾಗಿ ಕಂಡಿತೆಂದರೆ, ನದಿಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರ ಮಾತು ಕೂಡ ಕೇಳಿಸುತ್ತಿತ್ತು. ಮರುದಿನ ಚೀಲ ಹಾಗೆಯೇ ಇತ್ತು. ಅದರ ಮರುದಿನವೂ.

ಲಾರಿ ತುಂಬುವ ದಿನ ಬಂತು. ಬೆಳಿಗ್ಗೆ ನಾನು ಹಳೆಯ ಶಾಲೆಗೆ ಹೋಗಿ, ಬಿಡುಗಡೆಯ ಪತ್ರ ತೆಗೆದುಕೊಂಡು, ಮಕ್ಕಳ ಕೈಯ ಹೂವಿನ ಹಾರ ಹಾಕಿಸಿಕೊಂಡು ಮನೆಗೆ ಬಂದೆ. ಕೆಂಪು ದಾರದ ಚೀಲಗಳು ಅಂಗಳದಲ್ಲಿ ಸಾಲಾಗಿ ನಿಂತಿದ್ದವು. ಮೊಳೆ ಬೋಳಾಗಿತ್ತು. ಓಡಿ ಹೋಗಿ ನೋಡಿದೆ. ಕೊನೆಯ ಚೀಲದ ಬಾಯಿಂದ ರೊಟ್ಟಿಯ ಅಂಚು ಇಣುಕುತ್ತಿತ್ತು.

"ಈ ಚೀಲಾ ಯಾಕ ತಗೊಂಡ್ರಿ ಅತ್ತಿ?" ನನ್ನ ದನಿ ಓಣಿಗೆಲ್ಲ ಕೇಳಿಸಿರಬೇಕು.

ಲಕ್ಕವ್ವ ಬೆಚ್ಚಿದರು. "ಖಾಲಿ ಇತ್ತಲ್ಲವಾ. ಸಂಜೂನ ತಗೋ ಅಂದಾ."

ಇವರೇ ತೆಗೆದುಕೋ ಎಂದಿದ್ದರು. ಅಲ್ಲಿಗೆ ಉತ್ತರ ಸಿಕ್ಕಿತು. ಇಷ್ಟು ದಿನ ನಾನು ಮೊಳೆಗೆ ಸಿಕ್ಕಿಸಿದ್ದ ಪ್ರಶ್ನೆಗೆ ಅವರು ರೊಟ್ಟಿ ತುಂಬಿ ಉತ್ತರ ಕೊಟ್ಟಿದ್ದರು. ಖಾಲಿ ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತೆ. ಸ್ವಲ್ಪ ಹೊತ್ತಿಗೆ ನಮ್ಮವರು ಹಿಂದೆ ಬಂದು ನಿಂತರು.

"ಯಾಕ? ಏನಾತು?"

"ಖಾರಪುಡಿ ಕಣ್ಣಾಗ ಬಿತ್ತು."

"ಖಾರಪುಡಿ ನಿನ್ನೇನ ಚೀಲದಾಗ ಹೋಗೇತಲ್ಲ," ಎಂದರು.

ಏನೋ ಹೇಳಲು ಬಾಯಿ ತೆರೆದರು. ಹೊರಗಿನಿಂದ ಲಾರಿಯ ಹಾರ್ನ್ ಕೇಳಿಸಿತು. ನನ್ನ ಹೆಗಲ ಮೇಲೆ ಒಂದು ಕ್ಷಣ ಕೈ ಇಟ್ಟು ಹೊರಗೆ ಹೋದರು. ಸಂಜೆ ಲಾರಿ ನಮ್ಮ ಮನೆಯನ್ನು ಲಿಂಬೆಯ ನಡುವೆ ಹೂತುಕೊಂಡು ಹೊರಟಿತು. ಡ್ರೈವರ್ ದಾವಲಮಲಿಕ, "ನಿಮ್ಮ ಹಿಂದಿಂದನ ಬರ್ತೇನ್ರಿ ಅಕ್ಕಾರ" ಎಂದು ಕೈ ಬೀಸಿದ. ನಾವು ಸೊಲ್ಲಾಪುರದ ಬಸ್ಸು ಹತ್ತಿದೆವು.

ರೈಲಿನಲ್ಲಿ ಕಳೆದ ಹೊತ್ತು ನನಗೆ ಸರಿಯಾಗಿ ನೆನಪಿಲ್ಲ. ಕಿಟಕಿಯಲ್ಲಿ ಕಪ್ಪು ನೆಲ ಬಹಳ ಹೊತ್ತು ನಮ್ಮ ಜೊತೆಗೇ ಓಡಿ ಬಂತು. ನಮ್ಮೂರೇ ಬೀಳ್ಕೊಡಲು ಬರುತ್ತಿದೆ ಎನ್ನಿಸಿತು. ಆಮೇಲೆ ಎಲ್ಲಿಯೋ ಅದು ಕೆಂಪಾಯಿತು, ಕಾಡಾಯಿತು. ನಡುವೆ ಒಂದು ಜಂಕ್ಷನ್ನಿನಲ್ಲಿ ಇಳಿದು ಬೇರೆ ರೈಲು ಹಿಡಿದೆವು. ಲಕ್ಕವ್ವ ಎದುರಿನ ಸೀಟಿನ ಹೆಂಗಸಿಗೆ ಹೂಂ ಎನ್ನುತ್ತ ಅರ್ಧ ದಾರಿ ಕಳೆದರು. ಇಳಿಯುವಾಗ ಆಕೆ ಲಕ್ಕವ್ವನ ಕೈ ಹಿಡಿದುಕೊಂಡು ಕಣ್ಣು ಒರೆಸಿಕೊಂಡಳು. ಏನು ಹೇಳಿಕೊಂಡಿದ್ದಳೋ ಯಾರಿಗೂ ಗೊತ್ತಿಲ್ಲ. ನಾನು ನಿದ್ದೆಗೂ ಎಚ್ಚರಕ್ಕೂ ನಡುವೆ ತೂಗುತ್ತಿದ್ದೆ. ಪ್ರತಿ ಸಲ ಕಣ್ಣು ಬಿಟ್ಟಾಗಲೂ ಇವರು ಪಕ್ಕದಲ್ಲಿ ಇದ್ದಾರೆಯೇ ಎಂದು ನೋಡುತ್ತಿದ್ದೆ. ಇದ್ದರು. ತಿರುಗಿ ಹೋಗುವ ಟಿಕೆಟ್ ಯಾವ ದಿನದ್ದು ಎಂದು ಕೇಳುವ ಧೈರ್ಯ ಬರಲಿಲ್ಲ.

ಜಬಲಪುರ ನಮ್ಮ ಯಾರ ಕನಸಿನ ಹಾಗೂ ಇರಲಿಲ್ಲ. ಹೊಸ ಶಾಲೆಯ ಶಿಕ್ಷಕಿಯೊಬ್ಬರು ಫೋನಿನಲ್ಲೇ ಗೊತ್ತುಮಾಡಿ ಕೊಟ್ಟಿದ್ದ ಮನೆ ಮಹಡಿಯ ಮೇಲಿತ್ತು. ಎರಡು ಖೋಲಿ, ಒಂದು ಗ್ಯಾಲರಿ. ಬೇವಿನ ಮರವಿರಲಿಲ್ಲ, ಗುಲ್‌ಮೊಹರ್ ಇತ್ತು. ಕಟ್ಟೆ ಇರಲಿಲ್ಲ, ಕೆಳಗಿನ ಮೆಟ್ಟಿಲ ಮೇಲೆ ಹೆಂಗಸರು ಕುಳಿತಿದ್ದರು. ನಲ್ಲಿ ಅಡುಗೆಮನೆಯಲ್ಲೇ ಇತ್ತು. ಖಾಲಿ ನೆಲದ ಮೇಲೆ ಚಾದರ ಹಾಸಿ ಮಲಗಿದೆವು. ನದಿ ಎಲ್ಲಿದೆಯೋ ಕಾಣಿಸಲಿಲ್ಲ.

ಮರುದಿನ ಬೆಳಗಿನ ಚಹಾದ ಹೊತ್ತಿಗೆ ಲಾರಿ ಬಂತು. ಮಾರುಕಟ್ಟೆಯಲ್ಲಿ ಲಿಂಬೆ ಇಳಿಸಿ ನೇರ ನಮ್ಮಲ್ಲಿಗೆ ಬಂದಿತ್ತು. ಮನೆಯ ಚೀಲಗಳು ಒಂದೊಂದಾಗಿ ಮಹಡಿ ಹತ್ತಿದವು, ಅವುಗಳ ಜೊತೆ ಲಿಂಬೆಯ ವಾಸನೆಯೂ ಹತ್ತಿತು. ಕೋಣೆ ತುಂಬ ಇಂಡಿಯ ಮಾರುಕಟ್ಟೆ ಬಂದು ನಿಂತಂತಾಯಿತು.

"ಇಪ್ಪತ್ತು. ಎಣಿಸಿ ಇಳಿಸೇನ್ರಿ ಅಕ್ಕಾರ," ಎಂದ ದಾವಲಮಲಿಕ.

ನಾನೂ ಎಣಿಸಿದೆ. ಇಪ್ಪತ್ತು ನಿಜ. ಆದರೆ ಒಂದಕ್ಕೆ ಕೆಂಪು ದಾರವಿರಲಿಲ್ಲ, ಬಾಯಿಗೆ ಹಸಿರು ಬಣ್ಣವಿತ್ತು. ಲಿಂಬೆಯ ಚೀಲ. ಹಾಗಾದರೆ ನಮ್ಮದು ಯಾವುದು ತಪ್ಪಿತು? ಲಕ್ಕವ್ವ ನನಗಿಂತ ಮೊದಲು ಹುಡುಕಿ ಮುಗಿಸಿ, ಗೋಡೆಗೊರಗಿ ಕುಸಿದು ಕುಳಿತರು.

"ನನ್ನ ಬುತ್ತಿ," ಎಂದರು. "ನನ್ನ ರೊಟ್ಟಿ ಲಿಂಬಿ ಕೂಡ ಲಿಲಾವಕ್ಕ ಹೋದುವು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಚೀಲಕ್ಕಾಗಿ ನಾನು ಅತ್ತಿದ್ದೆ, ಅದು ಅತ್ತ ಅವರ ಸಾಮಾನಿಗೂ ಆಗಲಿಲ್ಲ, ಇತ್ತ ರೊಟ್ಟಿಗೂ ಆಗಲಿಲ್ಲ. ದಾವಲಮಲಿಕನ ಮೇಲೆ ಹರಿಹಾಯ್ದೆ.

"ಕೆಂಪು ದಾರ ಕಟ್ಟಿದ್ದು ಯಾತಕ್ಕ? ಹಸರ ಚೀಲಾ ನಮ್ಮ ಮನಿಗೆ ಯಾಕ ಇಳಿಸಿದಿ?"

ಅವನು ತಬ್ಬಿಬ್ಬಾಗಿ ನಮ್ಮವರ ಮುಖ ನೋಡಿದ. "ನಮ್ಮ ಅಮೀನುದ್ದೀನ ಸಾಹುಕಾರರ ಹೇಳಿದ್ರಲ್ರಿ, ಒಂದು ಹಸರ ಚೀಲಾನೂ ಇವರ ಮನಿಗೆ ಇಳಸು ಅಂತ. ನಾ ಅದನ್ನ ಹಿಡದ ಇಪ್ಪತ್ತ ಎಣಿಸಿದ್ನಿ. ಅದು ಸೇರಿ ಇಪ್ಪತ್ತೊಂದ ಆಗಬೇಕಿತ್ತು ಅನ್ನೂದು ನನ್ನ ತಲಿಗೆ ಹೊಳೀಲಿಲ್ರಿ. ಒಂದು ಕೆಂಪಂದು ಮಾರ್ಕೆಟ್‌ನ್ಯಾಗ ಉಳೀತು."

"ಲಿಂಬಿ ಚೀಲಾ ನಮಗ್ಯಾಕ?" ಎಂದು ನಾನು ಕೇಳುವಷ್ಟರಲ್ಲಿ ನಮ್ಮವರು ನೆಲಕ್ಕೆ ಕುಳಿತು ಹಸಿರು ಚೀಲದ ಹೊಲಿಗೆ ಬಿಚ್ಚುತ್ತಿದ್ದರು. ಮೇಲೆ ಒಂದು ಬುಟ್ಟಿಯಷ್ಟು ಲಿಂಬೆ ಇತ್ತು. ಅವುಗಳನ್ನು ಎರಡೂ ಕೈಯಿಂದ ಎತ್ತಿ ನೆಲಕ್ಕೆ ಸುರಿದರು. ಒಂದೆರಡು ಉರುಳುತ್ತ ನನ್ನ ಕಾಲಿನ ತನಕ ಬಂದವು. ಲಿಂಬೆಯ ಕೆಳಗೆ ಗೋಣಿತಟ್ಟು. ಅದರ ಕೆಳಗಿಂದ ಅವರು ಒಂದೊಂದೇ ಹೊರಗೆ ತೆಗೆದರು: ಕೈಯಿಂದ ತಿರುಗಿಸುವ ವೈಂಡಿಂಗ್ ಮಷಿನ್ನು, ತಾಮ್ರದ ತಂತಿಯ ಸುರುಳಿಗಳು, ಬಿದಿರಿನ ಚಕ್ಕೆಗಳು, ಮರದ ಸುತ್ತಿಗೆ, ಕುಳಿತು ಕುಳಿತು ನಡುವೆ ಸವೆದ ಅವರ ಗಿಡ್ಡ ಮಣೆ.

ಮಣೆಯನ್ನೇ ನೋಡಿದೆ. ಆ ಮಣೆಯನ್ನು ಯಾರೂ ನಾಲ್ಕು ದಿನಕ್ಕೆಂದು ಇಷ್ಟು ದೂರ ತರುವುದಿಲ್ಲ.

"ಅಂಗಡಿ ಕೀಲಿ?" ಎಂದೆ ಕೊನೆಗೆ.

"ಮಲ್ಲಣ್ಣಗ ಕೊಟ್ನಿ. ಇನ್ನ ಅಂವ ನಡಸ್ತಾನ."

"ನನ್ನ ಚೀಲದಾಗ ಯಾಕ ಹಾಕಲಿಲ್ರಿ? ಅಳತಿ ಮಾಡಿದ್ರಲ್ಲ, ನಾ ನೋಡೇನಿ."

"ಅದು ಅವ್ವನ ರೊಟ್ಟಿ ಮುರೀದ ಹಿಡೀತಾವೇನಂತ ಅಳತಿ ಮಾಡಿದ್ನಿ," ಎಂದರು. "ಅವ್ವಗ ಬುತ್ತಿ ಬೇಕಾಗಿತ್ತು. ನನಗ ಜಾಗಾ ಬೇಕಂತ ಹೇಳಿದ್ರ ನೀ ನಿನ್ನ ಪುಸ್ತಕದ ಚೀಲಾ ಖಾಲಿ ಮಾಡ್ತಿದ್ದಿ. ಅದಕ್ಕ ಅಮೀನುದ್ದೀನಗ ಹೇಳಿ ಅಂವನ ಚೀಲದಾಗ ಹಾಕಸಿದ್ನಿ."

"ಒಂದು ಮಾತು ಹೇಳಬಾರದೇನ್ರಿ ನನಗ? ಇಷ್ಟ ದಿನಾ..."

ಅವರು ತಂತಿಯ ಸುರುಳಿಯನ್ನು ಕೈಯಲ್ಲಿ ತಿರುಗಿಸಿದರು. ಆಮೇಲೆ ತಲೆ ಎತ್ತದೆ ಹೇಳಿದರು:

"ಅಂಗಡಿ ಬಿಡ್ತೇನಿ ಅಂತ ಬಾಯಿಲೆ ಹೇಳಾಕ ಬರಲಿಲ್ಲ ನನಗ. ಚೀಲದಾಗ ಹಾಕಾಕ ಬಂತು."

ದಾವಲಮಲಿಕ ನಡುವೆ ಕೆಮ್ಮಿದ. ಅಷ್ಟರಲ್ಲಿ ಅವನು ಮಾರುಕಟ್ಟೆಗೆ ಫೋನ್ ಮಾಡಿ ವಿಚಾರಿಸಿದ್ದ. ಚೀಲ ಸಿಕ್ಕಿತ್ತು, ಖಾಲಿಯಾಗಿ. ಹಮಾಲರು ಬಾಯಿ ಬಿಚ್ಚಿ ನೋಡಿ, ಇದೇನೋ ದಪ್ಪ ಹಪ್ಪಳ, ವ್ಯಾಪಾರಿ ಖುಷಿಗೆ ಕಳಿಸಿರಬೇಕು ಎಂದು ಎಲ್ಲರಿಗೂ ಹಂಚಿಕೊಂಡು ತಿಂದಿದ್ದರು. ಲಕ್ಕವ್ವ ಅಷ್ಟೂ ಕೇಳಿಸಿಕೊಂಡರು. ಬಯ್ಯುತ್ತಾರೆ ಎಂದು ಅವನು ಬಾಗಿಲ ಕಡೆ ಸರಿದ.

"ಶೇಂಗಾ ಚಟ್ನಿ ಬುಡಕ್ಕ ಇತ್ತು," ಎಂದರು ಲಕ್ಕವ್ವ ಚಿಂತೆಯಿಂದ. "ಅದನ್ನ ಹಚಗೊಂಡ ತಿಂದಾರಿಲ್ಲ ಕೇಳು. ಬರೇ ರೊಟ್ಟಿ ಗಂಟಲಕ್ಕ ಹಿಡೀತಾವ."

ಚಟ್ನಿ ಹಚ್ಚಿಕೊಂಡೇ ತಿಂದಿದ್ದಾರೆ ಎಂದು ಗೊತ್ತಾದ ಮೇಲೆ ಅವರ ಮುಖ ಅರಳಿತು. ಓಣಿಗೆ ಹಂಚಬೇಕೆಂದಿದ್ದ ಬುತ್ತಿಯನ್ನು ಒಂದು ಪೇಟೆಯೇ ತಿಂದಿತ್ತು. ಎದ್ದು ನೆಲದ ಮೇಲಿನ ಲಿಂಬೆಗಳನ್ನು ಸೆರಗಿನಲ್ಲಿ ತುಂಬಿಕೊಂಡು ಮೆಟ್ಟಿಲಿಳಿದು ಹೋದರು. ಗ್ಯಾಲರಿಯಿಂದ ಬಗ್ಗಿ ನೋಡಿದೆ. ಕೆಳಗೆ ಕುಳಿತಿದ್ದ ಹೆಂಗಸರ ಮಡಿಲಿಗೆ ಎರಡೆರಡು ಲಿಂಬೆ ಹಾಕುತ್ತಿದ್ದರು. ಒಬ್ಬಳು ಸರಿದು ಜಾಗ ಕೊಟ್ಟಳು. ಲಕ್ಕವ್ವ ಕುಳಿತು, ಹೂಂ ಎಂದರು.

ಆ ಮಧ್ಯಾಹ್ನ ಚೀಲಗಳ ನಡುವೆ ಜಾಗ ಮಾಡಿಕೊಂಡು ನಾವಿಬ್ಬರೂ ನೆಲದ ಮೇಲೆ ಅಡ್ಡಾದೆವು. ಇಲ್ಲಿಯ ಫ್ಯಾನು ನಮ್ಮದಕ್ಕಿಂತ ನಿಧಾನ. ಕಿಟಕಿಯಿಂದ ಗುಲ್‌ಮೊಹರಿನ ನೆರಳು ಒಳಗೆ ಬಂದು ಗೋಡೆಯ ಮೇಲೆ ಅಲ್ಲಾಡುತ್ತಿತ್ತು. ಕಣ್ಣು ಎಳೆಯುತ್ತಿತ್ತು.

"ಈಗರೆ ಹೇಳ್ರಿ," ಎಂದೆ. "ನಿಮ್ಮ ಜಬಲಪುರದಾಗ ಏನ್ ಐತಿ?"

ಅವರು ಅಂಗಾತ ಮಲಗಿ ಫ್ಯಾನನ್ನೇ ನೋಡಿದರು.

"ಒಂದು ಹೊಲ ಐತಿ," ಎಂದರು. "ಹೊಲದಾಗ ಬೋರ್‌ವೆಲ್ಲು. ಅದರ ಮೋಟರ್ ಸುಟ್ಟೈತಿ. ಹೊಲದಾಂವ ಮೋಟರ್ ಮುಂದ ಇಟಗೊಂಡು, ತಲಿ ಮ್ಯಾಲ ಕೈ ಹೊತ್ತು ಕುಂತಾನ. ಯಾರರೆ ಬರ್ತಾರೇನಂತ ದಾರಿ ನೋಡಾಕತ್ತಾನ."

"ಯಾವಾಗಿಂದ ಕಾಣಾಕತ್ತಾನ ಅಂವ?"

"ನಿನ್ನ ಆರ್ಡರ್ ಬಂದ ದಿನದಿಂದ."

"ಮತ್ತ ನಾ ಕೇಳಿದ್ರ ಏನೂ ಕಂಡಿಲ್ಲ ಅಂದ್ರಿ?"

"ಸರಿಯಾಗಿ ಕಂಡಿಲ್ಲ ಅಂದ್ನಿ. ಅಂವನ ಮಾರಿ ಕಾಣ್ತಿರ್ಲಿಲ್ಲ."

ನಾನು ಎದ್ದು ಬ್ಯಾಗಿನಿಂದ ಕ್ಯಾಲೆಂಡರಿನ ಹಾಳೆ ತೆಗೆದೆ. 'ಒಬ್ಬಳೇ' ಎಂಬ ಕಾಲಮ್ಮಿನ ಮೇಲೆ ಉದ್ದಕ್ಕೆ ಗೆರೆ ಎಳೆದೆ. 'ಇವರ ಅಂಗಡಿ ಸಾಮಾನು' ಎಂಬ ಸಾಲಿನ ಮುಂದೆ ಖಾಲಿ ಉಳಿದಿದ್ದ ಜಾಗದಲ್ಲಿ 'ಮುಟ್ಟಿದೆ' ಎಂದು ಬರೆದೆ. ಹಾಲಿನ ಮುಂದೆ ಇನ್ನೂ ಏನೂ ಬರೆದಿರಲಿಲ್ಲ. ಇರಲಿ, ಬೆಳಿಗ್ಗೆ ಹಾಲಿನವನು ಬಂದಾಗ ಕೇಳಿದರಾಯಿತು ಎಂದುಕೊಂಡು ಇವರ ಪಕ್ಕದಲ್ಲಿ ಮಲಗಿದೆ. ಕೂಡಲೇ ನಿದ್ದೆ ಹತ್ತಿತು.